ನಾರ್ಮಲ್ ಎಂಬ ಚೀಟಿ

2025ರ ಮೇ ಕೊನೆಯಿಂದ ಜೂನ್ ಮುಗಿಯುವಷ್ಟರಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಟಿವಿಯಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ದಿನಕ್ಕೊಂದು ಸಂಖ್ಯೆಯಾಗಿ ಬಂತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳ್ಳಂಬೆಳಗ್ಗೆ ಜನರ ಸಾಲು ನಿಂತಿತು. ಸಾಲಿನಲ್ಲಿ ನಿಂತವರಲ್ಲಿ ಬಹಳಷ್ಟು ಮಂದಿಗೆ ಎದೆನೋವೂ ಇರಲಿಲ್ಲ, ಏದುಸಿರೂ ಇರಲಿಲ್ಲ, ಇದ್ದದ್ದು ಹೆದರಿಕೆ. ‘ಒಂದು ಇಸಿಜಿ ತೆಗೆದು ನಾರ್ಮಲ್ ಅಂದರೆ ಸಾಕು’ ಎಂಬುದಷ್ಟೇ ಅವರ ಬೇಡಿಕೆ. ಜಯದೇವದ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಜುಲೈಯಲ್ಲಿ ವರದಿ ಕೊಟ್ಟು, ಹಾಸನದಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ, ತೀರಿಕೊಂಡ ಅನೇಕರಲ್ಲಿ ಮಧುಮೇಹ, ರಕ್ತದೊತ್ತಡ, ಧೂಮಪಾನ, ಕುಡಿತದಂಥ ಹಳೆಯ ಕಾರಣಗಳೇ ಇದ್ದವು ಎಂದಿತು. ವರದಿ ಬರುವ ಹೊತ್ತಿಗೆ ಸುದ್ದಿ ತಣ್ಣಗಾಗಿತ್ತು. ಆದರೆ ಆ ಸಾಲು ಎತ್ತಿದ ಪ್ರಶ್ನೆ ಹಾಸನದ್ದಷ್ಟೇ ಅಲ್ಲ. ಆರಾಮಿದ್ದವರು ತಮ್ಮ ಹೃದಯ ಹೇಗಿದೆ ಎಂದು ತಿಳಿಯಬೇಕಾದರೆ ಯಾವ ಪರೀಕ್ಷೆ ಮಾಡಿಸಬೇಕು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಡೆ ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ನಡೆಯುತ್ತದೆ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗಿ ಇಸಿಜಿ, ಎಕೋ, ಟಿಎಂಟಿ, ರಕ್ತ ತಪಾಸಣೆ ಎಲ್ಲ ಸೇರಿದ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜು ಮಾಡಿಸಿ, ಫೈಲು ಬಗಲಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ವಾಪಸಾಗುತ್ತಾರೆ. ಕಾಸಿಲ್ಲದವರು ಎದೆ ಹಿಂಡಿದಾಗಲೂ ‘ಏನಿಲ್ಲ, ಗ್ಯಾಸ್ ಆಗೇತಿ’ ಎಂದು ಸೋಡಾ ಕುಡಿದು ಮಲಗುತ್ತಾರೆ. ಮೊದಲಿನವರು ಬೇಡದ ಹೊತ್ತಿನಲ್ಲಿ ಪರೀಕ್ಷೆ ಮಾಡಿಸಿಕೊಂಡರು, ಎರಡನೆಯವರಿಗೆ ಬೇಕಾದ ಹೊತ್ತಿನಲ್ಲೇ ಅದು ಸಿಗಲಿಲ್ಲ. ನಮ್ಮ ಭಾಗದ ಹೃದಯದ ಸಮಸ್ಯೆಯಲ್ಲಿ ಯಂತ್ರಗಳ ಕೊರತೆಯಷ್ಟೇ ದೊಡ್ಡದು ಪರೀಕ್ಷೆಗಳ ಈ ಅದಲುಬದಲು ಎಂಬುದು ನನ್ನ ವಾದ. ಪರೀಕ್ಷೆ ಎನ್ನುವುದು ಒಂದು ಪ್ರಶ್ನೆಗೆ ಸಿಗುವ ಉತ್ತರ. ಪ್ರಶ್ನೆಯೇ ಇಲ್ಲದೆ ಉತ್ತರ ತಂದುಕೊಂಡರೆ ಅದನ್ನು ಓದುವುದು ಹೇಗೆ?

ಎಲ್ಲರಿಗೂ ಗೊತ್ತಿರುವ ಇಸಿಜಿಯಿಂದಲೇ ಶುರುಮಾಡೋಣ. ಹಾಲೆಂಡಿನ ವಿಲ್ಲೆಮ್ ಐಂಥೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಬಳಕೆಗೆ ತಂದಾಗ ಯಂತ್ರದ ತೂಕ ಸುಮಾರು 270 ಕಿಲೊ, ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡೂ ಕೈ ಮತ್ತು ಒಂದು ಕಾಲನ್ನು ಉಪ್ಪುನೀರಿನ ತೊಟ್ಟಿಗಳಲ್ಲಿ ಅದ್ದಿ ಕೂರಬೇಕಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಅದೇ ಯಂತ್ರ ಚೀಲದಲ್ಲಿ ಹಿಡಿಸುತ್ತದೆ, ಹತ್ತು ವೈರು ಅಂಟಿಸಿದರೆ ಹನ್ನೆರಡು ಕೋನಗಳಿಂದ ಹೃದಯದ ವಿದ್ಯುತ್ತಿನ ನಡೆಯನ್ನು ಬರೆದುಕೊಡುತ್ತದೆ. ಆದರೆ ಅದು ಬರೆಯುವುದು ಮಲಗಿದ ಆ ಕೆಲವು ಸೆಕೆಂಡುಗಳ ಕಥೆಯನ್ನು ಮಾತ್ರ. ಹಿಂದೆ ಆಘಾತವಾಗಿ ಸ್ನಾಯು ಸತ್ತಿದ್ದರೆ ಗೆರೆಯಲ್ಲಿ ಗುರುತು ಉಳಿಯಬಹುದು, ಬಡಿತದ ಲಯ ತಪ್ಪಿದ್ದರೆ ಕಾಣುತ್ತದೆ, ಬಹುಕಾಲದ ಬಿಪಿಯಿಂದ ಗೋಡೆ ದಪ್ಪವಾಗಿದ್ದರೆ ಸುಳಿವು ಸಿಗುತ್ತದೆ. ರಕ್ತನಾಳದಲ್ಲಿ ಅರ್ಧಕ್ಕರ್ಧ ಕೊಬ್ಬು ಕಟ್ಟಿದ್ದರೂ, ಮಲಗಿದ ಮನುಷ್ಯನ ಹೃದಯಕ್ಕೆ ಸಾಕಾಗುವಷ್ಟು ರಕ್ತ ಹರಿಯುತ್ತಿದ್ದರೆ ಗೆರೆ ನೆಟ್ಟಗೇ ಬರುತ್ತದೆ. ಕಾಲುವೆಯಲ್ಲಿ ಹೂಳು ಎಷ್ಟಿದೆ ಎಂಬುದು ನೀರು ಕಡಿಮೆ ಬಿಟ್ಟ ತಿಂಗಳಲ್ಲಿ ತೂಬಿನ ಹತ್ತಿರ ನಿಂತವನಿಗೆ ಹೇಗೆ ಗೊತ್ತಾಗದೋ ಹಾಗೆ. ಅದಕ್ಕೇ ಅಮೆರಿಕದ ರೋಗತಡೆ ತಜ್ಞರ ಕಾರ್ಯಪಡೆ 2012ರಲ್ಲಿ, ಮತ್ತೆ 2018ರಲ್ಲಿ, ಲಕ್ಷಣವೂ ಅಪಾಯವೂ ಇಲ್ಲದವರಿಗೆ ತಪಾಸಣೆಯ ಹೆಸರಿನಲ್ಲಿ ಇಸಿಜಿ ಬೇಡ ಎಂದು ಹೇಳಿತು. ಮಲಗಿಸಿ ತೆಗೆದದ್ದಾಗಲಿ, ಓಡಿಸಿ ತೆಗೆದದ್ದಾಗಲಿ.

ಓಡಿಸಿ ತೆಗೆಯುವುದೆಂದರೆ ಟಿಎಂಟಿ. ಸಿಯಾಟಲ್‌ನ ರಾಬರ್ಟ್ ಬ್ರೂಸ್ 1963ರಲ್ಲಿ ಗೊತ್ತುಮಾಡಿದ ಕ್ರಮವೇ ಇವತ್ತಿಗೂ ನಡೆಯುತ್ತಿದೆ: ಮೂರು ಮೂರು ನಿಮಿಷಕ್ಕೊಮ್ಮೆ ಟ್ರೆಡ್‌ಮಿಲ್ ಪಟ್ಟಿಯ ವೇಗವೂ ಏರುವಿಕೆಯೂ ಹೆಚ್ಚುತ್ತದೆ, 220ರಲ್ಲಿ ವಯಸ್ಸು ಕಳೆದು ಬಂದ ಸಂಖ್ಯೆಯ ಶೇ 85ರಷ್ಟು ಬಡಿತ ಮುಟ್ಟುವವರೆಗೆ ನಡೆಸುತ್ತಾರೆ. ಹೃದಯಕ್ಕೆ ಕೆಲಸ ಕೊಟ್ಟು ನೋಡುವುದರಿಂದ ಇದು ಮಲಗಿಸಿ ತೆಗೆದ ಇಸಿಜಿಗಿಂತ ಜಾಣ ಪರೀಕ್ಷೆ. ಆದರೂ ಇದರ ಮಿತಿ ಅಳೆದಿಟ್ಟಿದ್ದಾರೆ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿದ 1989ರ ವಿಶ್ಲೇಷಣೆಯ ಪ್ರಕಾರ, ರಕ್ತನಾಳದ ಕಾಯಿಲೆ ನಿಜವಾಗಿ ಇದ್ದ ನೂರು ಜನರಲ್ಲಿ ಇದು ಹಿಡಿಯುವುದು ಸುಮಾರು 68 ಮಂದಿಯನ್ನು. ಇಲ್ಲದ ನೂರು ಜನರಲ್ಲಿ ಸುಮಾರು 77 ಮಂದಿಗೆ ‘ಇಲ್ಲ’ ಎಂದು ಸರಿಯಾಗಿ ಹೇಳುತ್ತದೆ. ಕೇಳಲು ಪರವಾಗಿಲ್ಲ ಎನಿಸುವ ಅಂಕಿ. ಅದರ ಒಳಗಿರುವುದನ್ನು ನೋಡಬೇಕಾದರೆ ಯಲಬುರ್ಗಾದ ಕಡೆ ಬೋರ್‌ವೆಲ್ ಪಾಯಿಂಟ್ ನೋಡಿಸುವವರನ್ನು ನೆನೆಯಬೇಕು.

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತಲ್ಲಿ ನೀರಿದೆ ಎನ್ನುತ್ತಾರೆ. ಇದೇ ಕಾಯಿ ಹಿಡಿದವನು ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಮಗ್ಗುಲಲ್ಲಿ ಸುತ್ತಿದರೆ ಎಲ್ಲಿ ಕೊರೆದರೂ ನೀರು ಬೀಳುತ್ತದೆ, ಊರೆಲ್ಲ ಅವನ ಕೈಗುಣ ಹೊಗಳುತ್ತದೆ. ಅದೇ ಮನುಷ್ಯ ಯಲಬುರ್ಗಾದ ಬಂಡೆ ನೆಲಕ್ಕೆ ಬಂದರೆ ಬೋರಿನಿಂದ ಬರೀ ಧೂಳು ಏಳುತ್ತದೆ. ಕಾಯಿ ಬದಲಾಗಲಿಲ್ಲ, ನೆಲ ಬದಲಾಯಿತು. ಟಿಎಂಟಿ ತೆಂಗಿನಕಾಯಿಗಿಂತ ಎಷ್ಟೋ ಪಾಲು ಮೇಲು. ಆದರೆ ಅದರ ಮಾತಿನ ಬೆಲೆಯೂ ನೆಲವನ್ನೇ ನೆಚ್ಚಿಕೊಂಡಿದೆ. ಲೆಕ್ಕ ಹಾಕಿ ನೋಡಿ. ಯಾವ ತೊಂದರೆಯೂ ಇಲ್ಲದ, ಬಿಪಿ-ಶುಗರ್ ಇಲ್ಲದ, ಬೀಡಿ ಮುಟ್ಟದ, ನಲವತ್ತರ ಒಳಗಿನ ಒಂದು ಸಾವಿರ ಜನರನ್ನು ಟ್ರೆಡ್‌ಮಿಲ್ ಹತ್ತಿಸೋಣ. ಅವರಲ್ಲಿ ನೂರಕ್ಕೆ ಇಬ್ಬರಿಗೆ, ಅಂದರೆ 20 ಮಂದಿಗೆ ಕಾಯಿಲೆ ಇದೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಆ 20ರಲ್ಲಿ ಯಂತ್ರ ಹಿಡಿಯುವುದು 14 ಮಂದಿಯನ್ನು. ಉಳಿದ 980 ಆರೋಗ್ಯವಂತರಲ್ಲಿ ನೂರಕ್ಕೆ 23ರಂತೆ 225 ಮಂದಿಗೆ ಅದು ತಪ್ಪಾಗಿ ‘ಪಾಸಿಟಿವ್’ ಎನ್ನುತ್ತದೆ. ಪಾಸಿಟಿವ್ ಚೀಟಿ ಹಿಡಿದು ಹೊರಬಂದ ಒಟ್ಟು 239 ಜನರಲ್ಲಿ ನಿಜವಾದ ರೋಗಿಗಳು 14. ಅದೇ ಯಂತ್ರಕ್ಕೆ ಬೇರೆ ಸಾವಿರ ಜನರನ್ನು ಕೊಡಿ: ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಗುಡ್ಡ ಹತ್ತುವಾಗ ಎದೆ ಹಿಡಿದು ನಿಂತರೆ ಬಿಡುತ್ತದೆ ಎನ್ನುವವರು. ಅವರಲ್ಲಿ ಅರ್ಧ ಜನಕ್ಕೆ ಕಾಯಿಲೆ ಇದ್ದರೆ ಪಾಸಿಟಿವ್ ಬಂದ 455ರಲ್ಲಿ 340 ಮಂದಿ ನಿಜವಾದ ರೋಗಿಗಳು. ಯಂತ್ರ, ಪಟ್ಟಿ, ವೈದ್ಯ ಎಲ್ಲ ಅದೇ. ಮೊದಲ ಗುಂಪಿನಲ್ಲಿ ಹದಿನೇಳಕ್ಕೆ ಒಂದರಷ್ಟು ಸತ್ಯ, ಎರಡನೆಯದರಲ್ಲಿ ನಾಲ್ಕಕ್ಕೆ ಮೂರರಷ್ಟು. ‘ಟಿಎಂಟಿ ಒಳ್ಳೆಯ ಪರೀಕ್ಷೆಯೋ ಅಲ್ಲವೋ’ ಎಂದು ಕೇಳುವವರಿಗೆ, ಪಟ್ಟಿಯ ಮೇಲೆ ನಿಂತವರು ಯಾರು ಎಂದು ತಿರುಗಿ ಕೇಳದೆ ಉತ್ತರ ಕೊಡಲಾಗುವುದಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ತಪ್ಪು ಪಾಸಿಟಿವ್ ಬಂದರೆ ಬರಲಿ, ಇನ್ನೊಂದು ಪರೀಕ್ಷೆ ಮಾಡಿಸಿದರಾಯಿತು. ನಮ್ಮ ದುಡ್ಡು, ನಮ್ಮ ಜೀವ, ನಷ್ಟ ಏನು? ನಷ್ಟ ಎರಡು ಕಡೆಯಿಂದ ಬರುತ್ತದೆ. ಪಾಸಿಟಿವ್ ಬಂದವನ ಮುಂದಿನ ಮೆಟ್ಟಿಲು ಸಾಮಾನ್ಯವಾಗಿ ಆಂಜಿಯೋಗ್ರಾಂ. ಮಣಿಕಟ್ಟಿನಿಂದಲೋ ತೊಡೆಯ ಸಂದಿನಿಂದಲೋ ನಳಿಕೆ ತೂರಿಸಿ, ಬಣ್ಣದ ದ್ರವ ಬಿಟ್ಟು ಚಿತ್ರ ತೆಗೆಯುವ ಈ ಪರೀಕ್ಷೆ ಅನುಭವಿಗಳ ಕೈಯಲ್ಲಿ ಸುರಕ್ಷಿತವೇ, ಆದರೆ ಅಪಾಯ ಸೊನ್ನೆಯಲ್ಲ. ಮೂತ್ರಪಿಂಡ ಸೋತವರಿಗೆ ಆ ದ್ರವ ಭಾರವಾಗಬಹುದು. ಚಿತ್ರದಲ್ಲಿ ಅಷ್ಟೋ ಇಷ್ಟೋ ಕಿರಿದಾದ ನಾಳ ಕಂಡರೆ, ಇಷ್ಟು ದೂರ ಬಂದಿದ್ದೇವೆ, ಸ್ಟೆಂಟ್ ಹಾಕಿಸಿಯೇ ಬಿಡೋಣ ಎಂಬ ಮಾತು ರೋಗಿಯ ಕಡೆಯವರಿಂದಲೇ ಹೊರಡುತ್ತದೆ. 2007ರಲ್ಲಿ ಪ್ರಕಟವಾದ 2,287 ರೋಗಿಗಳ ‘ಕರೇಜ್’ ಅಧ್ಯಯನವೂ, 2020ರಲ್ಲಿ ಪ್ರಕಟವಾದ 5,179 ರೋಗಿಗಳ ‘ಇಸ್ಕೀಮಿಯಾ’ ಅಧ್ಯಯನವೂ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ಆಘಾತವಾಗದ, ಸ್ಥಿರವಾಗಿರುವ ಕಾಯಿಲೆಯಲ್ಲಿ ಒಳ್ಳೆಯ ಮಾತ್ರೆಗಳ ಜೊತೆಗೆ ಸ್ಟೆಂಟನ್ನೂ ಹಾಕಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಎದೆನೋವಿನಿಂದ ಬಳಲುವವರಿಗೆ ಸ್ಟೆಂಟ್ ಆರಾಮ ಕೊಡುತ್ತದೆ, ಅದು ಸಣ್ಣ ಲಾಭವಲ್ಲ. ನೋವೇ ಇಲ್ಲದವನಿಗೆ ಕೊಡಲು ಅದರ ಹತ್ತಿರ ಹೆಚ್ಚೇನೂ ಇಲ್ಲ. ಹೃದಯಾಘಾತ ಆಗುತ್ತಿರುವ ಗಳಿಗೆಯ ಮಾತು ಪೂರ್ತಿ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಎರಡನೆಯ ನಷ್ಟ ಇನ್ನೂ ದೊಡ್ಡದು, ಅದಕ್ಕೆ ಬಿಲ್ಲೂ ಬರುವುದಿಲ್ಲ. ಅದು ‘ನಾರ್ಮಲ್’ ಎಂಬ ಚೀಟಿ. ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ಓಡಿ ಗೆದ್ದ ನಲವತ್ತೈದರ ಮನುಷ್ಯ ಗುಟ್ಕಾ ಬಿಡಬೇಕಿಲ್ಲ ಎಂದುಕೊಳ್ಳುತ್ತಾನೆ, ಬಿಪಿ ಗುಳಿಗೆಯನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗಲು ಶುರುಮಾಡುತ್ತಾನೆ. ಮುಂದೊಂದು ದಿನ ಎದೆ ಹಿಂಡಿದಾಗ ಹೋದ ವರ್ಷದ ಚೀಟಿಯನ್ನು ನೆನೆದು ‘ನಂದು ಹಾರ್ಟ್ ಚಲೋ ಐತಿ’ ಎಂದು ಆಸ್ಪತ್ರೆಗೆ ಹೋಗುವುದನ್ನು ಎರಡು ತಾಸು ಮುಂದೂಡುತ್ತಾನೆ. ಕಾಯಿಲೆ ಇದ್ದೂ ಪರೀಕ್ಷೆಯಲ್ಲಿ ತಪ್ಪಿಸಿಕೊಂಡ ಆ ಇಪ್ಪತ್ತರಲ್ಲಿ ಆರು ಮಂದಿಯ ಕೈಯಲ್ಲೂ ಇಂಥದೇ ಚೀಟಿ ಇರುತ್ತದೆ.

ಇಲ್ಲಿ ಪುನೀತ್ ರಾಜ್‌ಕುಮಾರ್ ಹೆಸರು ಬರದೆ ಹೋಗುವುದಿಲ್ಲ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ, ಕಟ್ಟುಮಸ್ತಾದ ದೇಹದ, ದಿನಾ ವ್ಯಾಯಾಮ ಮಾಡುತ್ತಿದ್ದ ನಟ ಹೋಗಿಬಿಟ್ಟರು. ಅಂಥವರಿಗೇ ಹೀಗಾದರೆ ನಾವು ಎಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಡವೇ ಎಂಬುದು ಅಂದಿನಿಂದ ಕೇಳುತ್ತಿರುವ ವಾದ. ಅವರ ವೈದ್ಯಕೀಯ ಕಡತ ಓದುವ ಹಕ್ಕು ನಮಗಿಲ್ಲ, ಅದನ್ನು ಬಿಟ್ಟೇ ಯೋಚಿಸೋಣ. ಆರೋಗ್ಯವಂತನಂತೆ ಕಾಣುವವನಿಗೆ ಏಕಾಏಕಿ ಹೃದಯಾಘಾತ ಆಗುವುದರ ಒಳಗುಟ್ಟು ರಕ್ತನಾಳದ ಗೋಡೆಯಲ್ಲಿದೆ. ನಾಳದೊಳಗೆ ಕೊಬ್ಬಿನ ಗಂಟು ನಿಧಾನಕ್ಕೆ ಬೆಳೆದು ದಾರಿ ಮುಚ್ಚುತ್ತದೆ ಎಂದು ನಾವು ಪೈಪಿನ ಚಿತ್ರ ಕಟ್ಟಿಕೊಂಡಿದ್ದೇವೆ. ನಿಜದಲ್ಲಿ ಬಹಳಷ್ಟು ಆಘಾತಗಳು ದಾರಿಯ ಅರ್ಧವನ್ನೂ ಮುಚ್ಚದ ಸಣ್ಣ ಗಂಟಿನಿಂದ ಆಗುತ್ತವೆ. ಗಂಟಿನ ಮೇಲಿನ ತೆಳುಪೊರೆ ಬಿರಿಯುತ್ತದೆ, ಗಾಯವಾಯಿತೆಂದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ, ಕೆಲವೇ ನಿಮಿಷದಲ್ಲಿ ನಾಳ ಪೂರ್ತಿ ಮುಚ್ಚುತ್ತದೆ. ಬಿರಿಯುವ ಹಿಂದಿನ ದಿನ ಆ ಮನುಷ್ಯನನ್ನು ಟ್ರೆಡ್‌ಮಿಲ್ ಹತ್ತಿಸಿದ್ದರೆ ರಕ್ತದ ಹರಿವಿಗೆ ಅಡ್ಡಿ ಇಲ್ಲದ್ದರಿಂದ ಅವನು ಪಾಸಾಗುತ್ತಿದ್ದ. ಅಂದರೆ ನಮ್ಮನ್ನು ಹೆಚ್ಚು ಹೆದರಿಸುವ ಸಾವನ್ನು ಮುಂಚಿತವಾಗಿ ಹೇಳುವ ವಿಷಯದಲ್ಲೇ ಈ ಪರೀಕ್ಷೆ ತೀರ ದುರ್ಬಲ. ಕ್ಯಾಲ್ಸಿಯಂ ಸ್ಕೋರ್ ಎಂಬ ಸಿಟಿ ಸ್ಕ್ಯಾನ್ ಒಂದಿದೆ, ಅದು ಗೋಡೆಯಲ್ಲಿ ಕೂತ ಸುಣ್ಣದಂಶ ಎಣಿಸುವುದರಿಂದ ಇನ್ನಷ್ಟು ಹೇಳಬಲ್ಲದು. ಗುಳಿಗೆ ಶುರುಮಾಡಬೇಕೋ ಬೇಡವೋ ಎಂದು ವೈದ್ಯರು ತೂಗುತ್ತಿರುವವರಿಗೆ ಅದು ಉಪಯುಕ್ತ. ಎಲ್ಲರ ಮೇಲೆ ಬೀಸುವ ಬಲೆ ಅಲ್ಲ.

ಹಾಗಾದರೆ ಆ ಪೊರೆ ಬಿರಿಯುವಂತೆ ಮಾಡುವುದೇನು? ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ 5,209 ಜನರನ್ನು 1948ರಿಂದ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಎಂಬ ಹೆಸರುಗಳನ್ನು ಮುಂದಿಟ್ಟಿತು. ಬಿಳಿಯರ ಊರಿನ ಲೆಕ್ಕ ನಮಗೆ ಹೊಂದುತ್ತದೆಯೇ ಎಂಬ ಅನುಮಾನ ಸಹಜವೇ. ಅದಕ್ಕೆ 2004ರಲ್ಲಿ ಉತ್ತರ ಬಂತು. ಸಲೀಂ ಯೂಸುಫ್ ನೇತೃತ್ವದ ‘ಇಂಟರ್‌ಹಾರ್ಟ್’ ಅಧ್ಯಯನ 52 ದೇಶಗಳಲ್ಲಿ, ಭಾರತವನ್ನೂ ಸೇರಿಸಿ, ಮೊದಲ ಹೃದಯಾಘಾತವಾದ ಸುಮಾರು 15 ಸಾವಿರ ಜನರನ್ನು ಅಷ್ಟೇ ಸಂಖ್ಯೆಯ ಇತರರೊಂದಿಗೆ ಹೋಲಿಸಿತು. ತಂಬಾಕು, ಕೊಲೆಸ್ಟ್ರಾಲ್ ಏರುಪೇರು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿ ತಿನ್ನದಿರುವುದು, ಮದ್ಯಪಾನದ ಅಭ್ಯಾಸ, ದೇಹ ದಂಡಿಸದಿರುವುದು ಎಂಬ ಒಂಬತ್ತು ಸಂಗತಿಗಳು ಗಂಡಸರಲ್ಲಿ ಶೇ 90ರಷ್ಟು, ಹೆಂಗಸರಲ್ಲಿ ಶೇ 94ರಷ್ಟು ಅಪಾಯಕ್ಕೆ ಲೆಕ್ಕ ಕೊಟ್ಟವು. ಅದೇ ಅಧ್ಯಯನದ ಇನ್ನೊಂದು ಭಾಗ 2007ರಲ್ಲಿ ಬಂತು: ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಬಂದ ಸರಾಸರಿ ವಯಸ್ಸು 53, ಉಳಿದ ದೇಶಗಳವರಿಗೆ ಸುಮಾರು 59. ಕಾರಣಗಳು ಅವೇ, ನಮಗೆ ಬೇಗ ಅಂಟಿಕೊಳ್ಳುತ್ತವೆ ಅಷ್ಟೇ. ‘ಚಿಕ್ಕ ವಯಸ್ಸಿನವರೂ ಸಾಯುತ್ತಿದ್ದಾರೆ’ ಎಂಬ ಮಾತಿನಿಂದ ಹೊರಡಬೇಕಾದ ತೀರ್ಮಾನ ಹೆಚ್ಚು ದೊಡ್ಡ ಯಂತ್ರ ಬೇಕು ಎಂಬುದಲ್ಲ. ಅಗ್ಗದ ಅಳತೆಗಳನ್ನು ಇನ್ನೂ ಚಿಕ್ಕ ವಯಸ್ಸಿನಲ್ಲಿ ಶುರುಮಾಡಬೇಕು ಎಂಬುದು.

ಅಗ್ಗದ ಅಳತೆ ಎಂದೊಡನೆ ಮೂಗು ಮುರಿಯುವವರಿದ್ದಾರೆ. ಬಿಪಿ ನೋಡುವುದೂ ಒಂದು ಹಾರ್ಟ್ ಟೆಸ್ಟೇ? ನನ್ನ ಮಟ್ಟಿಗೆ ಆರಾಮಿರುವವನಿಗೆ ಅದಕ್ಕಿಂತ ದೊಡ್ಡ ಹೃದಯ ಪರೀಕ್ಷೆ ಇಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 35 ಮಂದಿಗೆ ಅಧಿಕ ರಕ್ತದೊತ್ತಡ, 11 ಮಂದಿಗೆ ಮಧುಮೇಹ, ಇನ್ನೂ 15 ಮಂದಿ ಮಧುಮೇಹದ ಹೊಸ್ತಿಲಲ್ಲಿ. ತೆಂಗಿನಕಾಯಿಯ ಭಾಷೆಯಲ್ಲಿ ಹೇಳುವುದಾದರೆ ಇದು ಕಾಲುವೆ ಬದಿಯ ನೆಲ, ಎಲ್ಲಿ ಕೊರೆದರೂ ನೀರು. ಮೂವರಲ್ಲಿ ಒಬ್ಬರ ಹತ್ತಿರ ಸಿಗುವಂಥದ್ದನ್ನು, ಸಿಕ್ಕಮೇಲೆ ಅಗ್ಗದ ಗುಳಿಗೆಯಿಂದ ಇಳಿಸಬಹುದಾದದ್ದನ್ನು ಹುಡುಕುವುದು ಜಾಣತನ. ಆದರೆ ಅಳೆಯುವ ರೀತಿಗೆ ನಮ್ಮಲ್ಲಿ ಬೆಲೆಯಿಲ್ಲ. ಬಸ್‌ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದುಬಂದವನ ತೋಳಿಗೆ ಅಂಗಿಯ ಮೇಲೆಯೇ ಪಟ್ಟಿ ಸುತ್ತಿ, ಅವನು ಮಾತಾಡುತ್ತಿರುವಾಗಲೇ ಅಳೆದು, ‘ನೂರೈವತ್ತು ಐತಿ’ ಎಂದು ಬರೆಯುವುದು ಅಳತೆಯಲ್ಲ. ಐದು ನಿಮಿಷ ಬೆನ್ನು ಆನಿಸಿ ಕೂತು, ಪಾದ ನೆಲಕ್ಕೆ ಊರಿ, ಬರಿ ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಸುಮ್ಮನಿದ್ದಾಗ ಎರಡು ಸಲ ಅಳೆಯಬೇಕು. ಬೇರೆ ಬೇರೆ ದಿನ 140/90ರ ಮೇಲೆಯೇ ನಿಂತರೆ ಆಗ ಬಿಪಿ ಎನ್ನಬೇಕು. ಬಿಳಿ ಕೋಟು ಕಂಡರೆ ಏರುವ ಬಿಪಿಯೂ ಉಂಟು, ಅಂಥವರು ಮನೆಯಲ್ಲಿ ಅಳೆದು 135/85ರ ಒಳಗಿದ್ದರೆ ನಿಶ್ಚಿಂತೆ. ತೋಳು ದಪ್ಪ ಇದ್ದವರಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಹುಟ್ಟುತ್ತದೆ. ಸಕ್ಕರೆಗೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ: 6.5 ಮುಟ್ಟಿದರೆ ಮಧುಮೇಹ, 5.7ರಿಂದ 6.4 ಹೊಸ್ತಿಲು. ರಕ್ತಹೀನತೆ ತೀವ್ರವಾಗಿದ್ದವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದು, ನಮ್ಮ ಭಾಗದ ಹೆಣ್ಣುಮಕ್ಕಳ ಮಟ್ಟಿಗೆ ಇದನ್ನು ಮರೆಯುವಂತಿಲ್ಲ.

ಮೂರನೆಯದು ರಕ್ತದ ಕೊಬ್ಬು ನೋಡುವ ಲಿಪಿಡ್ ಪ್ರೊಫೈಲ್. ಇದರ ಸುತ್ತ ಒಂದು ಹಳೆಯ ಕಟ್ಟುಪಾಡು ಅಂಟಿಕೊಂಡಿದೆ, ಖಾಲಿ ಹೊಟ್ಟೆಯಲ್ಲೇ ಬರಬೇಕೆಂದು. ಕುಷ್ಟಗಿ ತಾಲೂಕಿನ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದ ಕೂಲಿ ಹೆಂಗಸು ದಾರಿಯಲ್ಲಿ ಚಹಾ ಕುಡಿದಳೆಂದು ‘ನಾಳೆ ಬಾ’ ಎಂದರೆ ಆ ನಾಳೆ ಬರುವುದೇ ಇಲ್ಲ; ಒಂದು ದಿನದ ಕೂಲಿ ಇನ್ನೊಮ್ಮೆ ಕಳೆಯಲು ಯಾರಿಗೆ ಸಾಧ್ಯ? ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಗಂಟು ಬಿಚ್ಚಿದೆ: ಮೊದಲ ತಪಾಸಣೆಗೆ ಉಪವಾಸ ಬೇಕಿಲ್ಲ, ಟ್ರೈಗ್ಲಿಸರೈಡ್ ತುಂಬ ಏರಿದ್ದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡಿದರಾಯಿತು. ಮೊದಲ ಲಿಪಿಡ್ ಪರೀಕ್ಷೆ 18ನೇ ವಯಸ್ಸಿಗೇ ಆಗಲಿ ಎಂದೂ, ಜೀವಮಾನದಲ್ಲಿ ಒಮ್ಮೆಯಾದರೂ ಲಿಪೊಪ್ರೋಟೀನ್-ಎ ನೋಡಿಸಿ ಎಂದೂ ಅದು ಹೇಳುತ್ತದೆ. ಲಿಪೊಪ್ರೋಟೀನ್-ಎ ತಂದೆತಾಯಿಯಿಂದ ಬರುವಂಥದ್ದು, ಊಟ ಬದಲಿಸಿದರೆ ಇಳಿಯುವುದಿಲ್ಲ. ಮನೆತನದಲ್ಲಿ ನಲವತ್ತು-ಐವತ್ತಕ್ಕೇ ಹೃದಯದಿಂದ ಹೋದವರಿದ್ದರೆ ಇದನ್ನು ಕೇಳಿ ಮಾಡಿಸುವುದು ಟಿಎಂಟಿಗಿಂತ ಅರ್ಥವುಳ್ಳ ಖರ್ಚು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲಿನ ಸಾಲಿನ ಎದುರು ಲ್ಯಾಬಿನವರು ಅಚ್ಚು ಹಾಕುವ ‘ನಾರ್ಮಲ್’ ಅಂಕಿಯೂ ಎಲ್ಲರಿಗೂ ಒಂದೇ ಅಲ್ಲ. ಸಾಮಾನ್ಯರಿಗೆ 100ರ ಒಳಗೆ, ಅಪಾಯ ಹೆಚ್ಚಿರುವವರಿಗೆ 70ರ ಒಳಗೆ, ಈಗಾಗಲೇ ಆಘಾತವಾದಂಥ ಅತಿ ಅಪಾಯದವರಿಗೆ 55ರ ಒಳಗೆ ಎಂಬುದು ಅದೇ ಮಾರ್ಗಸೂಚಿಯ ಗುರಿ.

ಈಗ ಈ ವಾದಕ್ಕೆ ಬರಬಹುದಾದ ಅತಿ ಖಾರದ ಆಕ್ಷೇಪ. ಬೆಂಗಳೂರಿನವರಿಗೆ ಸಿಟಿ ಆಂಜಿಯೊ, ಕೊಪ್ಪಳದವರಿಗೆ ಬಿಪಿ ಪಟ್ಟಿಯೇ? ಹಿಂದುಳಿದ ಭಾಗ ಎಂದು ಸಂವಿಧಾನದ 371-ಜೆ ವಿಧಿ ಕೊಡಿಸಿಕೊಂಡವರಿಗೆ, ದೊಡ್ಡ ಪರೀಕ್ಷೆ ನಿಮಗೇಕೆ ಎಂದು ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಮಾತಲ್ಲವೇ? ಆಕ್ಷೇಪದ ಸಿಟ್ಟು ಸರಿಯಾದದ್ದು, ಗುರಿ ಬೇರೆ ಕಡೆ ಇರಬೇಕು. ದೊಡ್ಡ ಪರೀಕ್ಷೆಗಳು ಇಲ್ಲಿಗೆ ಬರಲೇಬೇಕು. ಅವು ಯಾರಿಗಾಗಿ ಬರಬೇಕು ಎಂಬುದಷ್ಟೇ ನನ್ನ ತಕರಾರು. ಎಕೋ ಯಂತ್ರವನ್ನೇ ನೋಡಿ. ಸ್ವೀಡನ್ನಿನ ಇಂಗೆ ಎಡ್ಲರ್ ಮತ್ತು ಹರ್ಟ್ಸ್ 1953ರಲ್ಲಿ ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು, ಹೃದಯಕ್ಕೆ ಶಬ್ದದ ಅಲೆ ಬಿಟ್ಟು ಮರುದನಿ ಹಿಡಿದರು. ಅದೇ ಎಕೋ ಆಯಿತು. ಸುಮ್ಮನೆ ಚೆಕಪ್ಪಿಗೆ ಬಂದ ಅಂಗಡಿ ಮಾಲೀಕನಿಗೆ ಎಕೋ ಸಾಮಾನ್ಯವಾಗಿ ಹೊಸದೇನನ್ನೂ ಹೇಳುವುದಿಲ್ಲ. ಪಂಪು ಚೆನ್ನಾಗಿದೆ ಎನ್ನುತ್ತದೆ, ಪಂಪಿಗೆ ರಕ್ತ ತರುವ ನಾಳಗಳ ಬಗ್ಗೆ ಬಾಯಿ ಬಿಡುವುದಿಲ್ಲ. ಅದೇ ಎಕೋವನ್ನು ಇಪ್ಪತ್ತೆರಡರ, ಆರು ತಿಂಗಳ ಬಸುರಿಗೆ ಹಿಡಿಯಿರಿ. ಕೊಡ ಹೊತ್ತು ನಾಲ್ಕು ಹೆಜ್ಜೆ ನಡೆದರೆ ದಮ್ಮು ಬರುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುತ್ತಾಳೆ. ರಕ್ತ ಕಡಿಮೆ ಇದೆ ಎಂದು ಗುಳಿಗೆ ಕೊಟ್ಟು ಕಳಿಸುವುದು ಸುಲಭ, ಬಹಳ ಸಲ ಅದು ನಿಜವೂ ಹೌದು. ಆದರೆ ಚಿಕ್ಕಂದಿನಲ್ಲಿ ಗಂಟಲು ಬೇನೆಯ ಬೆನ್ನಿಗೆ ಬಂದ ಕೀಲುಜ್ವರ ಹೃದಯದ ಕವಾಟವನ್ನು ಸದ್ದಿಲ್ಲದೆ ಕಿರಿದಾಗಿಸಿದ್ದರೆ, ಬಸಿರಿನಲ್ಲಿ ರಕ್ತದ ಮೊತ್ತ ಹೆಚ್ಚಾದಾಗ ಆ ಕಿರುಬಾಗಿಲಲ್ಲಿ ನೂಕುನುಗ್ಗಲಾಗುತ್ತದೆ. ಹೆರಿಗೆಯ ಹೊತ್ತಿಗೆ ಜೀವಕ್ಕೆ ಮುಳುವಾಗಬಹುದು. ಇದನ್ನು ಹೇಳುವುದು ಎಕೋ. ಬಡತನದ, ಇಕ್ಕಟ್ಟಾದ ಮನೆಗಳ ಕಾಯಿಲೆ ಇದು. ಗೊತ್ತಾದರೆ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ನಿನಿಂದ ಕೀಲುಜ್ವರ ಮರುಕಳಿಸದಂತೆ ತಡೆಯಬಹುದು, ಕವಾಟವನ್ನು ಬಲೂನಿನಿಂದ ಹಿಗ್ಗಿಸಬಹುದು. ಎಕೋ ಮೇಜಿನ ಸಾಲಿನಲ್ಲಿ ಅಂಗಡಿ ಮಾಲೀಕನಿಗಿಂತ ಈಕೆ ಮುಂದೆ ಇರಬೇಕು ಎನ್ನುವುದು ಬಡವರಿಗೆ ಪರೀಕ್ಷೆ ತಪ್ಪಿಸುವ ಮಾತಲ್ಲ.

ಇಸಿಜಿಯದ್ದೂ ಹಾಗೇ. ಆರಾಮಿದ್ದಾಗ ಮೂಕನಂತಿರುವ ಈ ಪರೀಕ್ಷೆ ಎದೆನೋವಿನ ಗಳಿಗೆಯಲ್ಲಿ ರಾಜನಾಗುತ್ತದೆ. ನಾಳ ಪೂರ್ತಿ ಮುಚ್ಚಿದಾಗ ಗೆರೆಯ ಒಂದು ಭಾಗ ಗುಡ್ಡದಂತೆ ಎದ್ದು ನಿಲ್ಲುತ್ತದೆ. ರೋಗಿ ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿದ ನಿಯಮ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ಮೊದಲ ಮೂರು ತಾಸಿನಲ್ಲಿ ಕೊಟ್ಟಾಗ ಹೆಚ್ಚು ಫಲ, ಹನ್ನೆರಡು ತಾಸಿನ ಮೇಲೆ ಹೆಚ್ಚೇನಿಲ್ಲ. ನಾಳ ತೆರೆದು ಸ್ಟೆಂಟ್ ಹಾಕುವ ಆಂಜಿಯೊಪ್ಲಾಸ್ಟಿ ಎರಡು ತಾಸಿನೊಳಗೆ ಸಿಗುವ ಊರಿನಲ್ಲಿ ಅದೇ ಮೇಲು. ಸಿಗದ ಊರಿನಲ್ಲಿ ಈ ಇಂಜೆಕ್ಷನ್ನೇ ಜೀವ. ಪುನೀತ್ ಹೆಸರಿನಲ್ಲೇ ರಾಜ್ಯ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯ ತಿರುಳು ಇದು: ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುವುದು, ಅಲ್ಲಿಂದ ನಿಮಿಷಗಳಲ್ಲಿ ಉತ್ತರ ಬಂದು ಆಘಾತ ಖಚಿತವಾದರೆ ಹತ್ತಾರು ಸಾವಿರ ರೂಪಾಯಿಯ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಕೊಡುವುದು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ ಜಯದೇವ ಆಸ್ಪತ್ರೆಗೆ ಸಂವಿಧಾನದ ವಿಧಿಯನ್ನು ನೆನಪಿಸುವಂತೆ 371 ಹಾಸಿಗೆ ಇಟ್ಟಿದ್ದಾರೆ. ಅಂಕಿ ಚೆಂದವಾಗಿದೆ, ಒಪ್ಪೋಣ. ಆದರೆ ಯಲಬುರ್ಗಾದಲ್ಲಿ ರಾತ್ರಿ ಎರಡಕ್ಕೆ ಎದೆ ಹಿಡಿದುಕೊಂಡವನಿಗೆ ಕಲಬುರಗಿಯ ಹಾಸಿಗೆಗಿಂತ ಮೊದಲು ಬೇಕಾದದ್ದು ಯಲಬುರ್ಗಾದಲ್ಲಿ ಆ ಹೊತ್ತಿಗೆ ಎಚ್ಚರವಿರುವ ಇಸಿಜಿ, ಅದರ ಕಾಗದದ ಸುರುಳಿ, ಅದನ್ನು ತೆಗೆಯಬಲ್ಲ ಸಿಬ್ಬಂದಿ, ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿ ಒಂದು ಇಂಜೆಕ್ಷನ್. ಹಿಂದುಳಿದ ಭಾಗದ ಹಕ್ಕಿನ ಮಾತು ಎತ್ತುವುದಾದರೆ ಎತ್ತಬೇಕಾದದ್ದು ಇದನ್ನು.

ಗೆರೆ ಎದ್ದು ನಿಲ್ಲದೆಯೂ ಆಘಾತ ಆಗಬಹುದು. ಮೊದಲ ಇಸಿಜಿ ನಾರ್ಮಲ್ ಬಂದು ಅರ್ಧ ತಾಸಿನ ಮೇಲೆ ತೆಗೆದದ್ದರಲ್ಲಿ ಕಾಯಿಲೆ ಕಾಣುವುದುಂಟು. ಅದಕ್ಕೇ ನೋವು ಇನ್ನೂ ಇದ್ದರೆ ಮತ್ತೆ ತೆಗೆಯಬೇಕು, ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡಬೇಕು. ಹೃದಯದ ಸ್ನಾಯು ಸಾಯುವಾಗ ರಕ್ತಕ್ಕೆ ಸೋರುವ ಈ ಪ್ರೋಟೀನು ಹಳೆಯ ಕಿಟ್ಟುಗಳಲ್ಲಿ ಮೂರರಿಂದ ಆರು ತಾಸಿನ ಮೇಲೆ ಕಾಣುತ್ತದೆ, ಹೊಸ ಸೂಕ್ಷ್ಮ ಕಿಟ್ಟುಗಳಲ್ಲಿ ಇನ್ನೂ ಬೇಗ; ನೋವು ಶುರುವಾದ ಒಂದು ತಾಸಿಗೇ ಹಳೆಯ ಕಿಟ್ಟಿನಲ್ಲಿ ನೋಡಿ ‘ನೆಗೆಟಿವ್’ ಎಂದು ಮನೆಗೆ ಕಳಿಸಿದರೆ ಅದು ಪರೀಕ್ಷೆಯ ತಪ್ಪಲ್ಲ, ಗಡಿಯಾರ ನೋಡದವರ ತಪ್ಪು. ಇನ್ನು ‘ಗ್ಯಾಸ್’ ವಿಷಯ. ಹೊಟ್ಟೆಯ ಉರಿಯೂ ಹೃದಯದ ನೋವೂ ಮೆದುಳಿಗೆ ಸುದ್ದಿ ಮುಟ್ಟಿಸುವ ನರಗಳು ಹತ್ತಿರ ಹತ್ತಿರದವು, ಎರಡನ್ನೂ ಎದೆಗುಂಡಿಗೆಯ ಸುತ್ತಲೇ ಅನುಭವಿಸುತ್ತೇವೆ. ಮಿರ್ಚಿ-ಮಂಡಕ್ಕಿ ತಿಂದ ಸಂಜೆ ಎದೆ ಉರಿದರೆ ಗ್ಯಾಸು ಎನ್ನುವುದು ಮೂರ್ಖತನವೇನಲ್ಲ, ಬಹಳ ಸಲ ಸರಿಯೂ ಹೌದು. ಆದರೆ ಐವತ್ತರ ಸುತ್ತಿನ ಸಕ್ಕರೆ ಕಾಯಿಲೆಯವನಿಗೆ ಬೆವರು ಕಿತ್ತು ಬಂದು, ದವಡೆಗೋ ಎಡತೋಳಿಗೋ ನೋವು ಇಳಿದರೆ ಆ ಊಹೆಗೆ ಜಾಗವಿಲ್ಲ. ಹೆಂಗಸರಲ್ಲಿ, ಬಹುಕಾಲದ ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಉಸಿರು ಕಟ್ಟುವುದು ಇಷ್ಟೇ ಇರಬಹುದು. ಇಲ್ಲಿ ಒಂದು ಬೇಡದ ಇಸಿಜಿ ಆದರೂ ಆಗಲಿ. ನೂರು ಗ್ಯಾಸಿನವರಿಗೆ ತೆಗೆದು ಮೂವರು ಸಿಕ್ಕರೂ ಲೆಕ್ಕ ಲಾಭದ್ದೇ. ಪರೀಕ್ಷೆ ಕಡಿಮೆ ಮಾಡಿಸಿ ಎಂಬ ನನ್ನ ವಾದ ಈ ಬಾಗಿಲಲ್ಲಿ ನಿಂತುಹೋಗುತ್ತದೆ.

ಯಾವ ಪರೀಕ್ಷೆಗೂ ಸಿಗದ ಒಂದು ಸಂಗತಿಯೂ ಕೊಪ್ಪಳ ಜಿಲ್ಲೆಯಲ್ಲಿದೆ. ಗಿಣಿಗೇರಿಯ ಸುತ್ತಿನ ಕಾರ್ಖಾನೆಗಳ ಹೊಗೆ, ಬೂದಿಯ ವಿರುದ್ಧದ ಸಿಟ್ಟು 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ಆಗಿ ಹೊರಬಂತು, ಗವಿಮಠದ ಸ್ವಾಮೀಜಿಯವರೇ ಮುಂದೆ ನಿಂತರು. ಗಾಳಿಯ ಸೂಕ್ಷ್ಮ ಧೂಳು ಶ್ವಾಸಕೋಶದಿಂದ ರಕ್ತಕ್ಕಿಳಿದು ನಾಳಗಳ ಗೋಡೆಯನ್ನು ಉರಿಸುತ್ತದೆ, ಹೃದಯಾಘಾತ ಹೆಚ್ಚಿಸುತ್ತದೆ ಎಂಬುದು ಈಗ ವಿವಾದದ ಮಾತಾಗಿ ಉಳಿದಿಲ್ಲ. ಒಬ್ಬೊಬ್ಬರೇ ಲ್ಯಾಬಿಗೆ ಹೋಗಿ ಇದನ್ನು ಅಳೆಸಿಕೊಳ್ಳಲಾಗದು, ಗುಳಿಗೆ ನುಂಗಿ ಇಳಿಸಲಾಗದು. ಅಲ್ಲಿ ಅಳೆಯಬೇಕಾದದ್ದು ಚಿಮಣಿಯನ್ನು.

ಉಳಿದದ್ದು ಸಣ್ಣ ವಿಷಯ, ಆದರೆ ನಮ್ಮಲ್ಲಿ ಹೆಚ್ಚು ಕೈತಪ್ಪುವುದು ಅದೇ. ಮೂವತ್ತು ದಾಟಿದ ಎಲ್ಲರ ಬಿಪಿ, ಶುಗರ್ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ನೋಡಬೇಕೆಂಬುದು ಸರ್ಕಾರಿ ಕಾರ್ಯಕ್ರಮವೇ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಅದರ ಫಾರಂ ತುಂಬುತ್ತಾರೆ. ಬಂದವರಿಗೆ ‘ನಮಗೇನೂ ಆಗಿಲ್ಲ’ ಎಂದು ಬಾಗಿಲಲ್ಲೇ ಹೇಳಿ ಕಳಿಸುವ ಮನೆಯವರೇ ಹಬ್ಬದ ಬೋನಸ್ಸಿನಲ್ಲಿ ಫುಲ್ ಬಾಡಿ ಚೆಕಪ್ ಮಾಡಿಸುತ್ತಾರೆ. ಬಿಪಿಯೋ ಶುಗರೋ ಇದೆಯೆಂದು ಗೊತ್ತಾದವರು ಮಾತ್ರ ಒಂದು ಇಸಿಜಿ ತೆಗೆಸಿ ಇಟ್ಟುಕೊಳ್ಳುವುದು ಒಳ್ಳೆಯದು, ಇಲ್ಲಿ ಆ ಪರೀಕ್ಷೆಗೆ ಬೇರೆಯದೇ ಕೆಲಸ. ಮುಂದೆ ಎದೆನೋವೆಂದು ಹೋದಾಗ ಹೊಸ ಗೆರೆಯನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ವೈದ್ಯರಿಗೆ ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ. ಆ ಹಳೆಯದು ಓದುವಂತಿರಬೇಕು ಅಷ್ಟೇ: ಇಸಿಜಿ ಅಚ್ಚಾಗುವುದು ಬಸ್ ಟಿಕೆಟ್ಟಿನಂಥದೇ ಕಾಗದದ ಮೇಲೆ, ಟ್ರಂಕಿನ ಬಿಸಿಗೂ ಪ್ಲಾಸ್ಟಿಕ್ ಕವರಿನ ಒಳಗೂ ವರ್ಷ ಎರಡು ವರ್ಷದಲ್ಲಿ ಗೆರೆ ಮಾಸಿ ಬರೀ ಗುಲಾಬಿ ಚೌಕುಳಿ ಉಳಿಯುತ್ತದೆ. ತೆಗೆಸಿದ ದಿನವೇ ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಎರಡು ಝೆರಾಕ್ಸ್ ಮಾಡಿಸಿ, ಒಂದನ್ನು ಮನೆಯಲ್ಲಿ ಎಲ್ಲರಿಗೂ ಕೈಗೆ ಸಿಗುವ ಕಡೆ ಇಡಿ.